ಒಂದೇ ಒಕ್ಕಣೆ, ಹಲವು ಓದುಗರು

(ಬಾನುಲಿ ಭಾಷಣದ ಬರೆಹರೂಪ)

ಶಿರಾಳಕೊಪ್ಪದಿಂದ ಬಳ್ಳಿಗಾವೆಗೆ ನಡೆದೇ ಹೋಗಬಹುದು. ಬೇಸಗೆಯ ಮುಂಜಾವಿನಲ್ಲಿ ಹೊರಟವರು ಬಿಸಿಲೇರುವ ಮೊದಲೇ ಕೇದಾರೇಶ್ವರ ದೇಗುಲದ ಅಂಗಳದಲ್ಲಿರುತ್ತಾರೆ. ಆ ಊರಿನ ಶಾಸನದ ಕಲ್ಲುಗಳ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಓದಿಸುವುದಕ್ಕೆ ಮೊದಲು ಅವರಿಗೊಂದು ಪ್ರಶ್ನೆ ಹಾಕುತ್ತಿದ್ದೆ: ‘ಈ ಕಲ್ಲನ್ನು ಯಾರು ಓದಲೆಂದು ನಿಲ್ಲಿಸಿದರು?’ ಹುಡುಗರು ‘ಜನ ಓದಲೆಂದು’ ಎನ್ನುತ್ತಿದ್ದರು. ಯಾವ ಜನ ಎಂದರೆ ಸುಮ್ಮನಾಗುತ್ತಿದ್ದರು.

ಚಾಲುಕ್ಯರ ಕಾಲದ ದಾನಶಾಸನವೊಂದನ್ನು ನಿಧಾನವಾಗಿ ನೋಡಿದರೆ ಉತ್ತರ ಕಲ್ಲಿನಲ್ಲಿಯೇ ಇದೆ. ನೆತ್ತಿಯಲ್ಲಿ ಚಿತ್ರಗಳು: ಲಿಂಗ, ಪೂಜಾರಿ, ಕರುವಿಗೆ ಹಾಲೂಡುವ ಹಸು, ಮೇಲೆ ಸೂರ್ಯಚಂದ್ರರು. ಅದರ ಕೆಳಗೆ ಸಂಸ್ಕೃತದ ಮಂಗಳಶ್ಲೋಕ. ಆಮೇಲೆ ಅರಸನ, ದಾನಿಯ, ಆಚಾರ್ಯನ ವರ್ಣನೆ. ಇದು ಕಂದವೃತ್ತಗಳಿಂದ ಕೂಡಿದ ಚಂಪುವಿನ ಕನ್ನಡ. ಅನಂತರ ಭಾಷೆ ಒಮ್ಮೆಗೇ ನೆಲಕ್ಕಿಳಿಯುತ್ತದೆ. ಯಾವ ಗಳೆಯಲ್ಲಿ ಅಳೆದ ಎಷ್ಟು ಮತ್ತರು ಗದ್ದೆ, ಮೂಡಲಿಗೆ ಯಾವ ಕೆರೆಯ ಕೋಡಿ, ತೆಂಕಲಿಗೆ ಯಾವ ಹುಣಿಸೆಮರ, ಗಾಣಕ್ಕೆ ಎಷ್ಟು ಎಣ್ಣೆ ಎಂಬ ಲೆಕ್ಕದ ಮಾತು. ಕೊನೆಯಲ್ಲಿ ಮತ್ತೆ ಸಂಸ್ಕೃತ. ಧರ್ಮವನ್ನು ಕೆಡಿಸಿದವನಿಗೆ ತಟ್ಟುವ ಪಾಪದ ಶ್ಲೋಕಗಳು. ಪಂಡಿತನಿಗೆ ಶ್ಲೋಕ, ರಸಿಕನಿಗೆ ವೃತ್ತ, ಒಕ್ಕಲಿಗನಿಗೂ ಗಾಣಿಗನಿಗೂ ಎಲ್ಲೆಕಟ್ಟಿನ ಲೆಕ್ಕ. ಒಂದಕ್ಷರವೂ ಬಾರದವನಿಗೆ ನೆತ್ತಿಯ ಮೇಲಿನ ಸೂರ್ಯಚಂದ್ರರು: ಇವರಿರುವವರೆಗೆ ಈ ದಾನ ನಡೆಯತಕ್ಕದ್ದು ಎಂದು. ಒಂದೇ ದಾನ, ಒಂದೇ ಕಲ್ಲು. ಓದುವವನ ಶಕ್ತಿಗೆ ತಕ್ಕಂತೆ ಅದು ನಾಲ್ಕು ರೂಪಗಳಲ್ಲಿ ದೊರೆಯುತ್ತದೆ.

ಈ ಮಾತನ್ನು ಎತ್ತಿಕೊಳ್ಳಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅಂತರಜಾಲದ ಪುಟಗಳನ್ನು ಕಟ್ಟುವ ಉದ್ಯೋಗದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ತನ್ನ ಕಸುಬಿನ ಒಂದು ತೊಡಕನ್ನು ವಿವರಿಸಿದ. ಜಾಲದ ಪುಟವನ್ನು ತೆರೆದು ತೋರಿಸುವ ಸಾಧನಕ್ಕೆ ಬ್ರೌಸರ್ ಎಂದು ಹೆಸರು. ಬ್ರೌಸರುಗಳು ಹಲವು, ಒಂದಕ್ಕೆ ತಿಳಿಯುವ ರೂಪ ಇನ್ನೊಂದಕ್ಕೆ ತಿಳಿಯದು. ಆದ್ದರಿಂದ ಪುಟವನ್ನು ಒದಗಿಸುವ ಯಂತ್ರ, ಎಂದರೆ ಸರ್ವರ್, ಕೇಳಿದವರ ಯೋಗ್ಯತೆಯನ್ನು ಅರಿತು ಅದೇ ಒಕ್ಕಣೆಯನ್ನು ಬೇರೆಬೇರೆ ರೂಪಗಳಲ್ಲಿ ಕೊಡಬೇಕಾಗುತ್ತದೆ. ‘ಇದು ಬಹಳ ಹೊಸ ಸಮಸ್ಯೆ, ಸರ್’ ಎಂದ. ನಾನು ಅವನನ್ನು ಮಾರನೆಯ ದಿನ ಬಳ್ಳಿಗಾವೆಗೆ ಕರೆದುಕೊಂಡು ಹೋದೆ.

ನಮ್ಮ ನೆಲದಲ್ಲಿ ದೊರೆತಿರುವ ಬರೆಹಗಳಲ್ಲಿ ಅತ್ಯಂತ ಹಳೆಯವು ಅಶೋಕನವು. ಅವನ ಹದಿನಾಲ್ಕನೆಯ ಬಂಡೆಶಾಸನವನ್ನು ನಮ್ಮ ಪಠ್ಯಪುಸ್ತಕಗಳು ಹೆಚ್ಚಾಗಿ ಗಮನಿಸುವುದಿಲ್ಲ. ಅದರಲ್ಲಿ ಅಹಿಂಸೆಯೂ ಇಲ್ಲ, ಕಳಿಂಗದ ಪಶ್ಚಾತ್ತಾಪವೂ ಇಲ್ಲ. ಅದು ಬರೆಯಿಸುವ ಕೆಲಸವನ್ನು ಕುರಿತ ಶಾಸನ. ಈ ಧರ್ಮಲಿಪಿಗಳು ಕೆಲವೆಡೆ ಸಂಕ್ಷೇಪವಾಗಿಯೂ ಕೆಲವೆಡೆ ಮಧ್ಯಮವಾಗಿಯೂ ಕೆಲವೆಡೆ ವಿಸ್ತಾರವಾಗಿಯೂ ಇವೆ, ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲ ಎಂದು ಚಕ್ರವರ್ತಿಯೇ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಲಿಪಿಕಾರನ ತಪ್ಪಿನಿಂದ ಎಲ್ಲಾದರೂ ಅರೆಕೊರೆಯಾಗಿದ್ದೀತು ಎಂಬ ಎಚ್ಚರವೂ ಅದರಲ್ಲಿದೆ. ಈ ಶಾಸನದ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ 1989ರಲ್ಲಿ ಬೆಳಕಿಗೆ ಬಂತು. ಅಷ್ಟು ಕಾಲ ಆ ಚಪ್ಪಡಿ ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹವನ್ನು ಕೂರಿಸಲು ಅದರ ನಡುವೆ ತೂತು ಕೊರೆದಿದ್ದರು. ಓದುವವರಿಲ್ಲದ ಬರೆಹದ ಪಾಡು ಅದು.

ಸ್ಥಳಕ್ಕೆ ತಕ್ಕ ರೂಪವೆಂಬುದನ್ನು ಅಶೋಕ ಬಾಯಿಮಾತಿಗೆ ಹೇಳಿದವನಲ್ಲ. ವಾಯವ್ಯದ ಗಡಿಯಲ್ಲಿ ಅವನ ಪ್ರಾಕೃತ ಖರೋಷ್ಠೀ ಲಿಪಿಯಲ್ಲಿದೆ, ಮಿಕ್ಕೆಡೆ ಬ್ರಾಹ್ಮಿಯಲ್ಲಿ. ಅಫಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಸಿಕ್ಕಿದ ಶಾಸನದಲ್ಲಿ ಮೇಲೆ ಗ್ರೀಕು, ಕೆಳಗೆ ಅರಮಾಯಿಕ್. ಅಲ್ಲಿಯ ಜನಕ್ಕೆ ಪ್ರಾಕೃತ ಓದಲು ಬಾರದೆಂದು ಪಾಟಲಿಪುತ್ರದವರು ತಿಳಿದಿದ್ದರು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾತ್ರ ಒಂದು ವಿನೋದ ನಡೆದಿದೆ. ಶಾಸನ ಬ್ರಾಹ್ಮಿಯಲ್ಲಿದೆ, ಬರೆದವನು ಚಪಡನೆಂಬ ಲಿಪಿಕಾರ. ತನ್ನ ಹೆಸರಿನ ಮುಂದಣ ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಮೊಳಕಾಲ್ಮೂರು ಸೀಮೆಯಲ್ಲಿ ಅದನ್ನು ಓದಬಲ್ಲವರು ಆಗ ಎಷ್ಟು ಮಂದಿ ಇದ್ದಿರಬಹುದು? ಅವನೊಬ್ಬನೇ ಇದ್ದನೋ ಏನೋ. ಓದುಗನನ್ನು ಮರೆತು ತನ್ನ ಚಾತುರ್ಯಕ್ಕೆ ಬರೆಯುವ ಚಾಳಿ ನಮ್ಮಲ್ಲಿ ಅಂದಿನಿಂದಲೂ ಇದೆ.

ಮತ್ತೆ ಶಿರಾಳಕೊಪ್ಪದ ಸುತ್ತಮುತ್ತಲಿಗೇ ಬರೋಣ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲಿ ಎರಡು ಪ್ರಾಕೃತ ಶಾಸನಗಳಿವೆ. ಮೊದಲನೆಯದು ಚುಟುಕುಲದ ಸಾತಕರ್ಣಿಯದು. ಎರಡನೆಯದು ಅದೇ ದೇವರಿಗೆ ಹಳೆಯ ದತ್ತಿಯನ್ನು ಮತ್ತೆ ನಡೆಯುವಂತೆ ಮಾಡಿದ ಕದಂಬ ಅರಸನದು. ಮನೆತನ ಬದಲಾಯಿತು, ಭಾಷೆ ಬದಲಾಗಲಿಲ್ಲ. ಆಮೇಲೆ ತಾಳಗುಂದದ ಕಂಬಕ್ಕೆ ಬಂದರೆ ಪ್ರಾಕೃತ ಮಾಯವಾಗಿದೆ. ಕುಬ್ಜನೆಂಬ ಕವಿ ಕದಂಬರ ವಂಶಕಥೆಯನ್ನು, ಮಯೂರಶರ್ಮ ಕಂಚಿಯ ಘಟಿಕೆಗೆ ಹೋಗಿ ಅವಮಾನಗೊಂಡು ಕತ್ತಿ ಹಿಡಿದ ಕಥೆಯನ್ನು ಹದವಾದ ಸಂಸ್ಕೃತ ಕಾವ್ಯವಾಗಿ ಬರೆದಿದ್ದಾನೆ. ಅಷ್ಟಕೋನದ ಕಂಬ, ಸಾಲುಗಳು ಬುಡದಿಂದ ಮೇಲಕ್ಕೆ ಏರುತ್ತವೆ. ಓದಬೇಕಾದವನು ತಲೆ ವಾಲಿಸಿ ಕಂಬವನ್ನು ಸುತ್ತಬೇಕು. ಕಲ್ಲು ಓದುಗನ ಬಳಿಗೆ ಬರುವುದಿಲ್ಲ, ಓದುಗನೇ ಕಲ್ಲಿಗೆ ತಕ್ಕಂತೆ ಬಾಗಬೇಕು. ಅದರ ಗತ್ತೇ ಅಂಥದು. ಪ್ರಾಕೃತವಾಗಲಿ ಸಂಸ್ಕೃತವಾಗಲಿ, ಆ ಕಂಬದ ಪಕ್ಕದ ಗದ್ದೆಯಲ್ಲಿ ನೇಗಿಲು ಹಿಡಿದವನ ಮನೆಮಾತು ಅವೆರಡೂ ಆಗಿರಲಿಲ್ಲ. ಅದೇ ಊರಿನ ಪ್ರಣವೇಶ್ವರ ದೇಗುಲದ ಬಳಿ 2013ರಲ್ಲಿ ಹೊರಬಂದ ಸಿಂಹಕಟಾಂಜನದ ಶಾಸನದಲ್ಲಿ ಸಂಸ್ಕೃತದ ಜೊತೆಗೆ ಕನ್ನಡವೂ ಕಾಣಿಸಿಕೊಂಡಿದೆ. ಅದರ ಕಾಲ ಕ್ರಿ.ಶ. 370 ಎಂಬುದು ಕೆಲವು ವಿದ್ವಾಂಸರ ಮತ; ಹಾಗಾದರೆ ಅದು ಹಲ್ಮಿಡಿಗಿಂತ ಹಿಂದಿನದು. ಚರ್ಚೆ ನಡೆದಿದೆ, ನಡೆಯಲಿ. ನನಗೆ ಮುಖ್ಯವಾಗಿ ತೋರುವುದು ಇಷ್ಟು: ಒಂದೇ ಊರಿನ ಒಂದೇ ದೇಗುಲದ ಆವರಣದಲ್ಲಿ ಬೇರೆಬೇರೆ ಓದುಗರನ್ನು ಉದ್ದೇಶಿಸಿದ ಬರೆಹಗಳು ಇದ್ದುವು.

ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆಂದರೆ ಪಟ್ಟದಕಲ್ಲಿಗೆ ಹೋಗಬೇಕು. ಬಾದಾಮಿಯ ಎರಡನೆಯ ಕೀರ್ತಿವರ್ಮನ ಕಾಲದಲ್ಲಿ, ಕ್ರಿ.ಶ. 754ರಲ್ಲಿ, ಗಂಗಾನದಿಯ ಉತ್ತರದ ದಡದಿಂದ ಬಂದ ಜ್ಞಾನಶಿವಾಚಾರ್ಯನು ನಿಲ್ಲಿಸಿದ ತ್ರಿಶೂಲದ ಕಂಬದ ಶಾಸನ ಅಲ್ಲಿದೆ. ಭಾಷೆ ಒಂದೇ, ಸಂಸ್ಕೃತ. ಒಕ್ಕಣೆಯೂ ಒಂದೇ. ಆದರೆ ಅದನ್ನು ಎರಡು ಸಲ ಕೆತ್ತಿಸಿದ್ದಾರೆ. ಒಮ್ಮೆ ನಮ್ಮ ನಾಡಿನ ಲಿಪಿಯಲ್ಲಿ, ಇನ್ನೊಮ್ಮೆ ಉತ್ತರದವರ ಸಿದ್ಧಮಾತೃಕೆಯಲ್ಲಿ. ಉತ್ತರದ ಯಾತ್ರಿಕನಿಗೆ ಸಂಸ್ಕೃತ ಬರುತ್ತದೆ, ನಮ್ಮ ಲಿಪಿ ಬಾರದು. ಅವನು ಕೇಳಿದರೆ ಅರ್ಥವಾಗುವ ಮಾತು ಕಂಡರೆ ಅರ್ಥವಾಗದು. ಆ ಕಷ್ಟವನ್ನು ಪರಸ್ಥಳದಿಂದ ಬಂದ ಆಚಾರ್ಯ ಸ್ವತಃ ಅನುಭವಿಸಿರಬೇಕು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಈ ಕೆಲಸ ಭಾಷೆಯ ಮಟ್ಟಕ್ಕೂ ಹೋಗಿದೆ. ಚಾವುಂಡರಾಯನು ಇದನ್ನು ಮಾಡಿಸಿದನೆಂಬ ಮೂರು ಪದದ ವಾಕ್ಯ ಅಲ್ಲಿ ಕನ್ನಡದಲ್ಲಿದೆ, ಗ್ರಂಥ ಮತ್ತು ವಟ್ಟೆಳುತ್ತು ಲಿಪಿಗಳ ತಮಿಳಿನಲ್ಲಿದೆ, ನಾಗರಿಯ ಮರಾಠಿಯಲ್ಲಿದೆ. ಬೆಟ್ಟ ಹತ್ತಿ ಬಂದ ಯಾವ ದಿಕ್ಕಿನ ಶ್ರಾವಕನೂ ಬರಿಗಣ್ಣಿನಿಂದ ಹಿಂದಿರುಗಬಾರದೆಂಬ ಕಾಳಜಿ ಅದು.

ಅಚ್ಚಿನ ಕಾಲದಲ್ಲಿ ಇದೇ ಕಾಳಜಿ ಬಿ. ಎಲ್. ರೈಸ್ ಅವರ ಸಂಪುಟಗಳಲ್ಲಿ ಬೇರೊಂದು ಅವತಾರವೆತ್ತಿತು. ನಮ್ಮ ಶಿಕಾರಿಪುರ ತಾಲ್ಲೂಕಿನ ಶಾಸನಗಳು 1902ರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿವೆ, ಸೊರಬದವು 1904ರ ಎಂಟನೆಯದರಲ್ಲಿ. ಅಲ್ಲಿ ಒಂದೊಂದು ಶಾಸನವೂ ಮೂರು ಸಲ ಅಚ್ಚಾಗಿದೆ: ಕನ್ನಡ ಅಕ್ಷರದಲ್ಲಿ, ರೋಮನ್ ಅಕ್ಷರದಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ಮೈಸೂರಿನ ಪಂಡಿತ, ಜರ್ಮನಿಯ ಪ್ರಾಚ್ಯವಿದ್ವಾಂಸ, ಜಿಲ್ಲೆಯ ಬ್ರಿಟಿಷ್ ಅಧಿಕಾರಿ ಮೂವರೂ ಅದೇ ಹೊತ್ತಗೆಯನ್ನು ತೆರೆದು ತಮಗೆ ಬೇಕಾದ ಭಾಗಕ್ಕೆ ಹೋಗುತ್ತಿದ್ದರು. ಹೊತ್ತಗೆ ದಪ್ಪವಾಯಿತು, ನಿಜ; ಯಾರೂ ಬರಿಗೈಯಲ್ಲಿ ಹೋಗಲಿಲ್ಲ.

ಕಲ್ಲಿಗೂ ಪುಸ್ತಕಕ್ಕೂ ಇರುವ ಮಿತಿಯೆಂದರೆ ಎದುರಿಗೆ ಬಂದವನು ಯಾರೆಂದು ಅವಕ್ಕೆ ತಿಳಿಯದು. ಆದ್ದರಿಂದ ಎಲ್ಲ ರೂಪಗಳನ್ನೂ ಒಟ್ಟಿಗೇ ಹರಡಿಕೊಂಡು ಕೂರಬೇಕು. ಜಾಲದ ವಿಶೇಷ ಇಲ್ಲಿದೆ. ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಯೋಚಿಸಿ ಮುಂದಿನ ಎರಡು ವರ್ಷಗಳಲ್ಲಿ ಕಟ್ಟಿದ ಈ ವ್ಯವಸ್ಥೆಯಲ್ಲಿ ಪುಟವನ್ನು ಬೇಡುವ ಬ್ರೌಸರ್ ಬೇಡಿಕೆಯ ಜೊತೆಗೆ ಒಂದು ಓಲೆಯನ್ನೂ ಕಳಿಸುತ್ತದೆ. ‘ನಾನು ಇಂಥಿಂಥ ಬಗೆಯ ಕಡತಗಳನ್ನು ಓದಬಲ್ಲೆ, ಕನ್ನಡವಿದ್ದರೆ ಕನ್ನಡ ಕೊಡು, ಇಲ್ಲದಿದ್ದರೆ ಇಂಗ್ಲಿಷ್ ಆದೀತು’ ಎಂಬಂಥ ಬಿನ್ನಹ. ಯಾವುದು ಎಷ್ಟು ಇಷ್ಟವೆಂದು ಸೊನ್ನೆಯಿಂದ ಒಂದರವರೆಗೆ ಅಂಕಗಳನ್ನೂ ಕೊಡಬಹುದು. 1997ರಲ್ಲಿ ಹೊರಬಂದ ಎಚ್‌ಟಿಟಿಪಿಯ 1.1ನೆಯ ನಿಯಮಾವಳಿಯಲ್ಲಿ ಇವೆಲ್ಲ ವಿವರವಾಗಿವೆ. ಸರ್ವರ್ ಆ ಓಲೆಯನ್ನು ಓದಿ ತನ್ನ ಬಳಿ ಇರುವ ರೂಪಗಳಲ್ಲಿ ಹೆಚ್ಚು ಒಪ್ಪುವುದನ್ನು ಆರಿಸಿ ಕೊಡುತ್ತದೆ. ಮನೆಗೆ ಬಂದ ನೆಂಟನನ್ನು ‘ಕಾಫಿಯೋ, ಕಷಾಯವೋ’ ಎಂದು ಕೇಳುವ ಸೌಜನ್ಯ.

ಆದರೆ ವ್ಯವಹಾರ ಇಷ್ಟು ಸೌಜನ್ಯದಿಂದ ನಡೆಯಲಿಲ್ಲ. ಓಲೆಯಲ್ಲಿ ಇನ್ನೊಂದು ಸಾಲಿತ್ತು, ಬ್ರೌಸರಿನ ಹೆಸರು. ಪುಟ ಕಟ್ಟುವವರು ‘ನಿನಗೇನು ಓದಲು ಬರುತ್ತದೆ’ ಎಂದು ಕೇಳುವುದನ್ನು ಬಿಟ್ಟು ‘ನೀನು ಯಾರು’ ಎಂದು ಕೇಳತೊಡಗಿದರು. ತೊಂಬತ್ತರ ದಶಕದ ನಡುವೆ ನೆಟ್‌ಸ್ಕೇಪ್ ಎಂಬ ಬ್ರೌಸರ್ ತನ್ನನ್ನು ‘ಮೊಜಿಲ್ಲ’ ಎಂದು ಕರೆದುಕೊಳ್ಳುತ್ತಿತ್ತು. ಒಳ್ಳೆಯ ಪುಟಗಳು ಮೊಜಿಲ್ಲನಿಗೆ, ಮಿಕ್ಕವರಿಗೆ ಬಡಪುಟಗಳು ಎಂಬ ಪಂಕ್ತಿಭೇದ ಶುರುವಾಯಿತು. ಆಗ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಏನು ಮಾಡಿತು? ‘ನಾನೂ ಮೊಜಿಲ್ಲನೇ’ ಎಂದು ಹೇಳಿಕೊಂಡು ಒಳಗೆ ಬಂತು. ಅದರ ಹಿಂದೆ ಬಂದವರೂ ಅದೇ ದಾರಿ ಹಿಡಿದರು. ನೆಟ್‌ಸ್ಕೇಪ್ ಅಳಿದು ಎಷ್ಟೋ ವರ್ಷಗಳಾದ ಮೇಲೆಯೂ, ಇಂದು ನಮ್ಮ ಕೈಯಲ್ಲಿರುವ ಫೋನಿನ ಬ್ರೌಸರ್ ಕೂಡ, ತನ್ನ ಪರಿಚಯವನ್ನು ‘ಮೊಜಿಲ್ಲ’ ಎಂಬ ಮಾತಿನಿಂದಲೇ ಆರಂಭಿಸುತ್ತದೆ. ಪರಶುರಾಮನು ‘ನೀನು ಯಾವ ಕುಲದವನು’ ಎಂದು ನೋಡುವ ಗುರುವಾಗಿದ್ದರಿಂದ ಕರ್ಣ ಬ್ರಾಹ್ಮಣನೆಂದು ಸುಳ್ಳಾಡಬೇಕಾಯಿತು. ಕುಲ ಕೇಳಿ ವಿದ್ಯೆ ಕೊಡುವ ಕಡೆಗಳಲ್ಲಿ ಈ ಸುಳ್ಳು ಹುಟ್ಟಿಯೇ ಹುಟ್ಟುತ್ತದೆ, ಮನುಷ್ಯರಲ್ಲಾದರೇನು, ಯಂತ್ರಗಳಲ್ಲಾದರೇನು.

ಈಗ ಕನ್ನಡದ ಕಥೆಗೆ ಬರುತ್ತೇನೆ. ಜಾಲದಲ್ಲಿ ಕನ್ನಡ ಮೊದಲ ಹೆಜ್ಜೆಯಿಟ್ಟಾಗ ಯಾವ ಬ್ರೌಸರಿಗೂ ಕನ್ನಡ ಬರುತ್ತಿರಲಿಲ್ಲ. ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಲಭ್ಯವಿದ್ದ ಸಂಖ್ಯೆಗಳೆಲ್ಲ ಇಂಗ್ಲಿಷಿನ ಮತ್ತು ಐರೋಪ್ಯ ಭಾಷೆಗಳ ಅಕ್ಷರಗಳಿಗೆ ಹಂಚಿಹೋಗಿದ್ದುವು. ನಮ್ಮ ತಂತ್ರಜ್ಞರು ಆ ಮನೆಗಳಲ್ಲಿಯೇ ಕನ್ನಡದ ಚೂರುಗಳನ್ನು ಬಾಡಿಗೆಗೆ ಕೂರಿಸಿದರು. ಅಕ್ಷರವನ್ನಲ್ಲ, ಚೂರುಗಳನ್ನು: ತಲೆಕಟ್ಟಿಲ್ಲದ ಮೈ ಒಂದು ಕಡೆ, ತಲೆಕಟ್ಟು ಇನ್ನೊಂದು ಕಡೆ, ಒತ್ತು ಮತ್ತೊಂದು ಕಡೆ. ಆಗ ಬಹಳ ಬಳಕೆಯಲ್ಲಿದ್ದ ಒಂದು ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದ ಹೀಗೆ: ಕಕಾರದ ಮೈಗೆ ಇಂಗ್ಲಿಷಿನ ‘ಪಿ’, ತಲೆಕಟ್ಟಿಗೆ ನೆತ್ತಿಯ ಮೇಲೆ ಗೀಟು ಹೊತ್ತ ‘ಎ’, ನಕಾರಕ್ಕೆ ಇಂಗ್ಲೆಂಡಿನ ನಾಣ್ಯವಾದ ಪೌಂಡಿನ ಗುರುತು, ಅದಕ್ಕೊಂದು ತಲೆಕಟ್ಟು, ನಕಾರದ ಒತ್ತಿಗೆ ಜರ್ಮನರ ಜೋಡಿ ಸಕಾರ, ಡಕಾರಕ್ಕೆ ‘ಕ್ಯೂ’, ಕೊನೆಗೆ ಮತ್ತೊಂದು ತಲೆಕಟ್ಟು. ಕನ್ನಡದ ಫಾಂಟು, ಎಂದರೆ ಅಕ್ಷರರೂಪಗಳ ಕಡತ, ಜೊತೆಗಿದ್ದರೆ ಇದು ‘ಕನ್ನಡ’. ಇಲ್ಲವಾದರೆ ಪೌಂಡು, ಗೀಟು, ಜರ್ಮನ್ ಅಕ್ಷರಗಳ ಸಂತೆ. ಒಂದೊಂದು ಸಂಸ್ಥೆಯ ಫಾಂಟಿನಲ್ಲಿ ಒಂದೊಂದು ಬಗೆಯ ಹಂಚಿಕೆ ಬೇರೆ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರಬ್ಬಿ.

ಹೀಗಿರಲಾಗಿ, ಓದುಗನ ಗಣಕದಲ್ಲಿ ನಮ್ಮ ಫಾಂಟು ಇಲ್ಲವಲ್ಲ, ಅವನಿಗೆ ಕನ್ನಡವನ್ನು ತಲುಪಿಸುವುದು ಹೇಗೆ? ಮೂರು ದಾರಿಗಳನ್ನು ನಮ್ಮವರು ತುಳಿದರು. ಪುಟವನ್ನೇ ಚಿತ್ರವಾಗಿಸಿ ಕಳಿಸುವುದು ಒಂದು. ಆಗಿನ ದೂರವಾಣಿ ತಂತಿಯಲ್ಲಿ ಅದು ಆಮೆಯಂತೆ ಬರುತ್ತಿತ್ತು. ಫಾಂಟನ್ನು ಮೊದಲು ಇಳಿಸಿಕೊಳ್ಳಿರೆಂದು ಓದುಗನಿಗೆ ಹೇಳುವುದು ಇನ್ನೊಂದು; ಮನೆಗೆ ಬಂದವನಿಗೆ ನಿಮ್ಮ ಚಾಪೆ ನೀವೇ ತನ್ನಿ ಎಂದಂತೆ. ಮೂರನೆಯದು, ಆ ಕಾಲಕ್ಕೆ ಚಮತ್ಕಾರವೆನಿಸಿದ ‘ಡೈನಾಮಿಕ್ ಫಾಂಟ್’: ಪುಟದ ಬೆನ್ನಿಗೇ ಫಾಂಟೂ ಹೋಗಿ ಓದುಗನಿಗೆ ತಿಳಿಯದಂತೆ ಕೂತುಕೊಳ್ಳುವ ಉಪಾಯ. 1997ರಲ್ಲಿ ಬಂದ ನಾಲ್ಕನೆಯ ಆವೃತ್ತಿಯ ಬ್ರೌಸರುಗಳು ಇದನ್ನು ಸಾಧ್ಯಗೊಳಿಸಿದುವು. ಆದರೆ ಎರಡು ಮನೆಯವರಿಗೂ ಹಗೆತನವಿತ್ತಲ್ಲ, ನೆಟ್‌ಸ್ಕೇಪಿಗೆ ಬೇಕಾದದ್ದು ಪಿಎಫ್‌ಆರ್ ಎಂಬ ರೂಪ, ಎಕ್ಸ್‌ಪ್ಲೋರರಿಗೆ ಬೇಕಾದದ್ದು ಇಒಟಿ ಎಂಬ ರೂಪ. ಎರಡೂ ಕಡೆಯ ಓದುಗರು ಬೇಕೆನ್ನುವವನು ಒಂದೇ ಫಾಂಟನ್ನು ಎರಡು ಬಗೆಯಲ್ಲಿ ಸಿದ್ಧಪಡಿಸಿ ಪುಟದಲ್ಲಿ ಎರಡನ್ನೂ ಹೆಸರಿಸಬೇಕು. ಯಾರಿಗೆ ಯಾವುದು ತಿಳಿಯುವುದೋ ಅದನ್ನು ಅವರು ಎತ್ತಿಕೊಳ್ಳುವರು. ಪಟ್ಟದಕಲ್ಲಿನ ಕಂಬವೇ ಸರಿ.

ಯು. ಬಿ. ಪವನಜರು 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’, ಕನ್ನಡದ ಮೊದಲ ಜಾಲಪತ್ರಿಕೆಯೆಂದು ಹೆಸರಾದದ್ದು, ಈ ಕಾಲದ ಕೂಸು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಸರಿಯಾದ ರಸ್ತೆಯಿಲ್ಲದಾಗ ಹಳ್ಳ ದಾಟಿಸಿದವರು ಇವರು. ಇಂದು ಕುಳಿತು ಅವರ ಕಾಲುಸಂಕವನ್ನು ಹಳಿಯುವುದು ಕೃತಘ್ನತೆಯಾದೀತು. ಅಮೆರಿಕದಲ್ಲಿದ್ದ ಕನ್ನಡಿಗನೊಬ್ಬ ತೆರೆಯ ಮೇಲೆ ಮೊದಲ ಸಲ ‘ಕನ್ನಡ’ ಎಂಬ ಅಕ್ಷರಗಳನ್ನು ಕಂಡಾಗ ಏನನ್ನಿಸಿರಬೇಕೆಂಬುದನ್ನು ನಾವು ಊರಲ್ಲಿದ್ದವರು ಊಹಿಸಲಾರೆವು.

ಕಾಲುಸಂಕ ಎಷ್ಟು ದಿನ ಬಾಳೀತು? 2000ದಲ್ಲಿ ಬಂದ ನೆಟ್‌ಸ್ಕೇಪಿನ ಆರನೆಯ ಆವೃತ್ತಿ ಪಿಎಫ್‌ಆರ್ ರೂಪವನ್ನು ಕೈಬಿಟ್ಟಿತು. ಇಒಟಿಯನ್ನು ಎಕ್ಸ್‌ಪ್ಲೋರರ್ ಕೊನೆಯವರೆಗೆ ಹಿಡಿದುಕೊಂಡಿತ್ತು. 2022ರಲ್ಲಿ ಅದರ ಯುಗವೇ ಮುಗಿಯಿತು. ಓದುಗನ ಸಾಧನ ಬದಲಾದ ದಿನ ಆ ಪುಟಗಳ ಕನ್ನಡ ಸತ್ತಿತು. ಅಕ್ಷರ ಅಳಿಯಲಿಲ್ಲ, ಕಡತ ಕಳೆಯಲಿಲ್ಲ. ಓದುವ ಕಣ್ಣು ಹೋಯಿತು. ಸನ್ನತಿಯ ಚಪ್ಪಡಿಗೆ ಆ ಸ್ಥಿತಿ ಬರಲು ಶತಮಾನಗಳು ಬೇಕಾದುವು. ಇಲ್ಲಿ ನಾಲ್ಕೈದು ವರ್ಷ ಸಾಕಾಯಿತು.

ಸಮಸ್ಯೆಯ ಬೇರು ಎಲ್ಲಿತ್ತೆಂಬುದನ್ನು ವ್ಯಾಕರಣ ಓದಿದವರು ಬೇಗ ಗುರುತಿಸಬಲ್ಲರು. ಕೇಳುವ ಅಕ್ಷರ ಬೇರೆ, ಕಾಣುವ ಅಕ್ಷರ ಬೇರೆ. ಶ್ರಾವಣ, ಚಾಕ್ಷುಷ ಎಂಬ ಈ ವಿವೇಕ ಹದಿಮೂರನೆಯ ಶತಮಾನದ ಕೇಶಿರಾಜನಿಗೇ ಇತ್ತು. ನಾವು ಗಣಕದಲ್ಲಿ ಕೂಡಿಟ್ಟದ್ದು ಚಾಕ್ಷುಷವನ್ನು, ಅದರಲ್ಲಿಯೂ ಅದರ ಚೂರುಗಳನ್ನು. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಮಾಡಿದ್ದು ಇದರ ತಿರುಗುಮುರುಗು. ಅದು ಕನ್ನಡಕ್ಕೆ 3200ರಿಂದ ಆರಂಭಿಸಿ 128 ಮನೆಗಳನ್ನು ಕೊಟ್ಟಿತು. ಕಕಾರ 3221ನೆಯ ಮನೆಯಲ್ಲಿದೆ, ಜಗತ್ತಿನ ಯಾವ ಗಣಕದಲ್ಲಿಯೂ ಅಲ್ಲಿಯೇ. ‘ಅರ್ಕ’ ಎಂದು ಬರೆದರೆ ಅರ್ಕಾವೊತ್ತು ಕಣ್ಣಿಗೆ ಕೊನೆಯಲ್ಲಿ ಕಂಡರೂ ಕಡತದಲ್ಲಿ ಉಚ್ಚಾರದ ಕ್ರಮದಂತೆ ರೇಫವೇ ಮೊದಲು. ರೂಪವನ್ನು ಕೊಡುವ ಹೊಣೆ ಓದುಗನ ಸಾಧನದ್ದು. ಬರೆದವನು ಮಾತನ್ನು ಕೊಡಬೇಕು. ಅದು ದೊಡ್ಡ ತೆರೆಯಲ್ಲೋ ಅಂಗೈಯಗಲದ ಫೋನಿನಲ್ಲೋ ಕಣ್ಣಿಲ್ಲದವರಿಗೆ ಓದಿಹೇಳುವ ಯಂತ್ರದ ದನಿಯಲ್ಲೋ ಮೈದಾಳಬಹುದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಬಂದ ಮೇಲೆ ಇದು ಸಾಮಾನ್ಯರ ಮೇಜಿಗೂ ಇಳಿಯಿತು.

ಇದು ಕೂಡ ನಿರ್ದುಷ್ಟವೆಂದು ಯಾರೂ ಭಾವಿಸಬೇಕಾಗಿಲ್ಲ. 3294ನೆಯ ಮನೆಯಲ್ಲಿ ನಮ್ಮ ಹಳಗನ್ನಡದ ೞಕಾರವಿದೆ. ಅದಕ್ಕೆ ಆ ಪಟ್ಟಿಯಲ್ಲಿ ಕೊಟ್ಟಿರುವ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಯೂನಿಕೋಡಿನ ಕಟ್ಟಳೆಯಾದ್ದರಿಂದ ತಪ್ಪು ಹಾಗೆಯೇ ನಿಂತಿದೆ. ಬದಿಯಲ್ಲೊಂದು ತಿದ್ದುಪಡಿಯ ಟಿಪ್ಪಣಿ ಮಾತ್ರ ಸೇರಿದೆ. ಲಿಪಿಕಾರನ ತಪ್ಪನ್ನು ಅಶೋಕ ಮುಂಚೆಯೇ ಒಪ್ಪಿಕೊಂಡಿದ್ದನಲ್ಲ.

ಶುದ್ಧಿಯ ಹಟವೂ ಒಂದು ಕಾಲಕ್ಕೆ ನಡೆಯಿತು. 2000ದಲ್ಲಿ ಎಕ್ಸ್‌ಎಚ್‌ಟಿಎಂಎಲ್ ಎಂಬ ಕಟ್ಟುನಿಟ್ಟಿನ ಪುಟರಚನೆಯನ್ನು ತಂದರು. ಅದನ್ನು ಅದರ ನಿಜವಾದ ಹೆಸರಿನಲ್ಲಿ ಕಳಿಸಿದರೆ, ಎಲ್ಲೋ ಒಂದು ಗುರುತು ತಪ್ಪಿದ್ದರೂ ಬ್ರೌಸರ್ ಇಡೀ ಪುಟವನ್ನು ನಿರಾಕರಿಸುತ್ತಿತ್ತು. ಎಕ್ಸ್‌ಪ್ಲೋರರಂತೂ 2011ರವರೆಗೆ ಆ ಹೆಸರನ್ನೇ ಗುರುತಿಸಲಿಲ್ಲ. ಆದ್ದರಿಂದ ಬಲ್ಲವರಿಗೆ ನಿಜನಾಮದಿಂದಲೂ ಅರಿಯದವರಿಗೆ ಹಳೆಯ ಹೆಸರಿನಿಂದಲೂ ಅದೇ ಪುಟವನ್ನು ಕಳಿಸುತ್ತಿದ್ದರು. ಒಂದು ಅಪಶಬ್ದಕ್ಕೆ ಇಡೀ ಕಾವ್ಯವನ್ನು ಮುಚ್ಚಿಡುವ ಪರೀಕ್ಷಕರನ್ನು ನಾನು ವೃತ್ತಿಯಲ್ಲಿ ಕಂಡಿದ್ದೇನೆ. ಅವರು ಯಂತ್ರಕ್ಕೂ ಗುರುಗಳಾಗಬಲ್ಲರೆಂದು ತಿಳಿದಿರಲಿಲ್ಲ. ಫೋನುಗಳು ಬಂದಾಗ ಇನ್ನೊಂದು ಸುತ್ತು ಹಿಂದಕ್ಕೆ ಹೋದೆವು. ಅಗ್ಗದ ಫೋನುಗಳಿಗೆ ಕನ್ನಡ ಬಾರದು; ಒಪೆರಾ ಮಿನಿ ಎಂಬ ಪುಟ್ಟ ಬ್ರೌಸರಿನಲ್ಲಿ ಒಂದು ಗುಟ್ಟಿನ ಏರ್ಪಾಡನ್ನು ಒತ್ತಿದರೆ ದೂರದ ಸರ್ವರೇ ಕನ್ನಡದ ಅಕ್ಷರಗಳನ್ನು ಚಿತ್ರವಾಗಿ ಬಿಡಿಸಿ ಕಳಿಸುತ್ತಿತ್ತು. ಬಸ್ ನಿಲ್ದಾಣದಲ್ಲಿ ಹುಡುಗರು ಅದನ್ನು ಒಬ್ಬರಿಗೊಬ್ಬರು ಕಲಿಸುತ್ತಿದ್ದರು. ಕಲ್ಲಿನ ನೆತ್ತಿಯ ಸೂರ್ಯಚಂದ್ರರು ಹಾಗೆ ಮರಳಿ ಬಂದರು.

ಕೊನೆಗೆ ನನ್ನದೊಂದು ಸಂಗತಿ. ಡೈನಾಮಿಕ್ ಫಾಂಟಿನ ಆ ದಿನಗಳಲ್ಲಿ ಜಾಲಪತ್ರಿಕೆಯೊಂದು ನನ್ನಿಂದ ಬಳ್ಳಿಗಾವೆಯ ಶಾಸನಗಳ ಅಳತೆಗಳನ್ನು ಕುರಿತ ಲೇಖನವನ್ನು ಬರೆಸಿಕೊಂಡಿತ್ತು. ಅಲ್ಲಿಯ ದಾನಗಳಲ್ಲಿ ಬರುವ ಭೇರುಂಡ ಗಳೆ ಮೊದಲಾದುವನ್ನು ಕಲ್ಲುಗಳ ಮುಂದೆ ಕುಳಿತು ಓದಿ, ಪಾಠವನ್ನು ಇದ್ದಂತೆಯೇ ಬರೆದುಕೊಟ್ಟಿದ್ದೆ. ಕೈಬರೆಹದ ಪ್ರತಿಯನ್ನು ನಾನು ಇಟ್ಟುಕೊಳ್ಳಲಿಲ್ಲ. ಅಚ್ಚಾದದ್ದು ಎಲ್ಲಿ ಹೋದೀತು ಎಂಬ ಧೈರ್ಯ. ಮೊನ್ನೆ ನನ್ನ ವಿದ್ಯಾರ್ಥಿ ಹುಡುಕಿ ತೆರೆದಾಗ ಕಂಡದ್ದು ಪೌಂಡು, ಗೀಟು, ಜರ್ಮನ್ ಅಕ್ಷರಗಳ ಆ ಸಂತೆ. ಹುಡುಗ ಜಾಣ. ಬಳ್ಳಿಗಾವೆಯಿಂದ ಮರಳಿದ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕುಳಿತು ಅದನ್ನೆಲ್ಲ ಯೂನಿಕೋಡಿಗೆ ತಿರುಗಿಸಿದ. ಸಂಜೆಯ ಹೊತ್ತಿಗೆ ನನ್ನ ವಾಕ್ಯಗಳು ಒಂದೊಂದಾಗಿ ಎದ್ದು ಬಂದುವು.

ಆದರೆ ನಡುನಡುವೆ ಬರಿದಾದ ಚೌಕಗಳಿದ್ದುವು. ಆ ಹಳೆಯ ಫಾಂಟಿನಲ್ಲಿ ಱಕಾರ ೞಕಾರಗಳು ಇರಲಿಲ್ಲವಂತೆ. ಸಂಪಾದಕರು ಆ ಜಾಗಗಳಲ್ಲಿ ಅಕ್ಷರದ ಪುಟ್ಟ ಚಿತ್ರಗಳನ್ನು ಅಂಟಿಸಿದ್ದರು. ಚಿತ್ರಗಳ ಕಡತಗಳು ಯಾವಾಗಲೋ ಕಳೆದುಹೋಗಿವೆ.

‘ಸರ್, ಇಲ್ಲಿ ಯಾವ ಅಕ್ಷರವಿತ್ತು?’ ಎಂದು ಅವನು ಒಂದೊಂದನ್ನೇ ತೋರಿಸಿ ಕೇಳಿದ. ಒಟ್ಟು ಮೂವತ್ತೊಂದು ಚೌಕ. ಶಬ್ದದ ಹುಟ್ಟಿನಿಂದ, ಅರ್ಥದಿಂದ ಇಪ್ಪತ್ತಾರನ್ನು ಅಲ್ಲಿಯೇ ಹೇಳಿದೆ. ಉಳಿದ ಐದು ಊರಿನ ಮತ್ತು ಆಳಿನ ಹೆಸರುಗಳಲ್ಲಿದ್ದುವು. ಅಲ್ಲಿ ಱಕಾರವೋ ೞಕಾರವೋ ಎಂದು ಊಹೆಯಿಂದ ತುಂಬಲು ನನಗೆ ಧೈರ್ಯ ಬರಲಿಲ್ಲ. ಅವನ ರಜೆ ಇನ್ನೊಂದು ದಿನವಿತ್ತು. ಮರುದಿನ ಬೆಳಗ್ಗೆ ಟಾರ್ಚು ಹಿಡಿದುಕೊಂಡು ಇಬ್ಬರೂ ಮತ್ತೆ ಬಳ್ಳಿಗಾವೆಗೆ, ಆ ಕಲ್ಲುಗಳ ಬಳಿಗೇ ಹೋದೆವು.